ಮೂರು ಡ್ರೋನ್ ಚೆನ್ನಾಗಿ ಹಾರುತ್ತವೆ, ಆರು ಹಾರಿಸಿದರೆ ಓಲಾಡುತ್ತವೆ. ತಪ್ಪು ನೆಟ್‌ವರ್ಕ್‌ನದೋ, ಕಂಟ್ರೋಲ್‌ನದೋ?

ಆರುರೆಕ್ಕೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ನಾಲ್ಕು ಜನ ಸೇರಿ ಡ್ರೋನ್ ಹಿಂಡಿನ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಎರಡು ತಿಂಗಳಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇವೆ, ಸಹಾಯ ಬೇಕು.

ನಮ್ಮ ಹತ್ತಿರ ಆರು ಕ್ವಾಡ್ (ನಾಲ್ಕು ರೆಕ್ಕೆಯ ಡ್ರೋನ್) ಇವೆ. 450 ಫ್ರೇಮ್, ಹಾರಾಟ ನಿಯಂತ್ರಿಸಲು ಪಿಕ್ಸ್‌ಹಾಕ್ ಬೋರ್ಡ್, ಅದರೊಳಗೆ ಆರ್ಡುಪೈಲಟ್ ಸಾಫ್ಟ್‌ವೇರ್. ಪ್ರತಿಯೊಂದರಲ್ಲೂ ವೈಫೈ ಇರುವ ಸಣ್ಣ ಇಎಸ್‌ಪಿ32 ಬೋರ್ಡ್. ನೆಲದ ಮೇಲೆ ಮನೆಗೆ ಹಾಕಿಸುವಂಥ ವೈಫೈ ರೂಟರ್ ಮತ್ತು ಲ್ಯಾಪ್‌ಟಾಪ್. ಡ್ರೋನ್‌ಗಳು ತಮ್ಮ ಜಾಗವನ್ನು ಲ್ಯಾಪ್‌ಟಾಪ್‌ಗೆ ಕಳಿಸುತ್ತವೆ. ಲ್ಯಾಪ್‌ಟಾಪ್ ಲೆಕ್ಕ ಹಾಕಿ, ಯಾವ ಡ್ರೋನ್ ಯಾವ ಕಡೆಗೆ ಎಷ್ಟು ವೇಗದಲ್ಲಿ ಹೋಗಬೇಕು ಅಂತ ಸೆಕೆಂಡಿಗೆ 20 ಸಲ ವಾಪಸ್ ಹೇಳುತ್ತದೆ. ನಿಯಮ ಸರಳ. ಉಳಿದ ಎಲ್ಲ ಡ್ರೋನ್‌ಗಳಿಂದ ಇರಬೇಕಾದ ಅಂತರಕ್ಕೂ ಈಗ ಇರುವ ಅಂತರಕ್ಕೂ ಇರುವ ವ್ಯತ್ಯಾಸವನ್ನು ಕೂಡಿಸಿ, ಅದನ್ನೇ ವೇಗ ಅಂತ ಕೊಡುತ್ತೇವೆ. ಗೇನ್ (ಆ ಮೊತ್ತವನ್ನು ವೇಗ ಮಾಡಲು ಗುಣಿಸುವ ಸಂಖ್ಯೆ) 1. ವೇಗಕ್ಕೆ ಒಂದು ಮಿತಿ ಹಾಕಿದ್ದೇವೆ.

ಮೂರು ಹಾರಿಸಿದರೆ ನೆಟ್ಟಂತೆ ನಿಲ್ಲುತ್ತವೆ. ನಾಲ್ಕಕ್ಕೆ ಸ್ವಲ್ಪ ಅಲುಗಾಟ. ಆರಕ್ಕೆ ಇಡೀ ಗುಂಪು ತೊಟ್ಟಿಲಿನಂತೆ ಓಲಾಡುತ್ತದೆ, ಓಲಾಟ ಬೆಳೆಯುತ್ತಾ ಹೋಗುತ್ತದೆ. ಮೊನ್ನೆ ಎರಡು ಡ್ರೋನ್ ಒಂದು ಮೀಟರ್ ಹತ್ತಿರಕ್ಕೆ ಬಂದವು. ರಿಮೋಟ್ ಹಿಡಿದಿದ್ದ ಗೆಳೆಯ ತಕ್ಷಣ ಎತ್ತರ ಬದಲಿಸಿದ್ದರಿಂದ ಉಳಿದವು. ಸಿಮ್ಯುಲೇಶನ್‌ನಲ್ಲಿ ಆರೂ ಚೆನ್ನಾಗಿಯೇ ಹಾರುತ್ತವೆ.

ಬಯಲುಸೀಮೆ

ಒಂದು ಪ್ರಶ್ನೆ. 2024ರ ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೈದಾನದ ಮೇಲೆ 1500 ಡ್ರೋನ್ ಹಾರಿಸಿದರು. ನಾನೇ ಹೋಗಿ ನೋಡಿದ್ದೇನೆ. ಒಂದೂ ಓಲಾಡಲಿಲ್ಲ. ಹಾಗಿರುವಾಗ ಆರು ಯಾಕೆ ಇಷ್ಟು ಕಷ್ಟ?

ಹಳೇ ಆಂಟೆನಾ

ಒಳ್ಳೆಯ ಪ್ರಶ್ನೆ. ಇದಕ್ಕೆ ಮೊದಲು ಉತ್ತರ ಕೊಟ್ಟರೆ ಉಳಿದದ್ದು ಸುಲಭ ಆಗುತ್ತದೆ.

ಪ್ರದರ್ಶನದ ಡ್ರೋನ್‌ಗಳು ಸಾಮಾನ್ಯವಾಗಿ ಒಂದರ ಜೊತೆ ಇನ್ನೊಂದು ಮಾತಾಡುವುದಿಲ್ಲ. ಯಾವ ಕ್ಷಣಕ್ಕೆ ಎಲ್ಲಿ ಇರಬೇಕು, ಯಾವ ಬಣ್ಣದ ದೀಪ ಹಚ್ಚಬೇಕು ಅನ್ನುವುದನ್ನು ಮೊದಲೇ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಪ್ರತಿ ಡ್ರೋನ್‌ಗೂ ತುಂಬಿಸಿರುತ್ತಾರೆ. ಹಾರುವಾಗ ಅದಕ್ಕೆ ಬೇಕಾದದ್ದು ಎರಡೇ. ಒಂದು, ಎಲ್ಲರಿಗೂ ಒಂದೇ ಗಡಿಯಾರ. ಅದು ಜಿಪಿಎಸ್‌ನಿಂದ ಸಿಗುತ್ತದೆ. ಇನ್ನೊಂದು, ತಾನು ಎಲ್ಲಿದ್ದೇನೆ ಅನ್ನುವ ಖಚಿತ ತಿಳಿವು. ಅದಕ್ಕೆ ಆರ್‌ಟಿಕೆ ಅನ್ನುವ ತಿದ್ದುಪಡಿ ಸಂಕೇತವನ್ನು ನೆಲದಿಂದ ಎಲ್ಲ ಡ್ರೋನ್‌ಗೂ ಒಟ್ಟಿಗೆ ಬಿತ್ತರಿಸುತ್ತಾರೆ. ಆಗ ಎರಡು ಮೂರು ಮೀಟರ್ ತಪ್ಪುವ ಜಿಪಿಎಸ್ ಒಂದೆರಡು ಸೆಂಟಿಮೀಟರ್‌ಗೆ ಇಳಿಯುತ್ತದೆ. 2022ರ ಜನವರಿ 29ರಂದು ದೆಹಲಿಯ ವಿಜಯ್ ಚೌಕ್‌ನಲ್ಲಿ ಬೀಟಿಂಗ್ ರಿಟ್ರೀಟ್‌ಗೆ 1000 ಡ್ರೋನ್ ಹಾರಿದ್ದು ನೆನಪಿದೆಯಾ? ಐಐಟಿ ದೆಹಲಿಯಲ್ಲಿ ಬೆಳೆದ ಬಾಟ್‌ಲ್ಯಾಬ್ ಡೈನಾಮಿಕ್ಸ್ ಮಾಡಿದ್ದು. ಅದು ತುಂಬಾ ಕಷ್ಟದ ಕೆಲಸ, ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಅಲ್ಲಿನ ಕಷ್ಟ ಬೇರೆ. ಆರುರೆಕ್ಕೆ ತಂಡ ಮಾಡುತ್ತಿರುವುದು ಒಂದನ್ನೊಂದು ನೋಡಿಕೊಂಡು ಹಾರುವ ಹಿಂಡು. ಇಲ್ಲಿ ರೇಡಿಯೋದಲ್ಲಿ ಬರುವ ಮಾತು ಸೀದಾ ಮೋಟಾರಿನ ವೇಗಕ್ಕೆ ಹೋಗಿ ಸೇರುತ್ತದೆ. ರೇಡಿಯೋ ತಡವರಿಸಿದರೆ ಡ್ರೋನ್ ತಡವರಿಸುತ್ತದೆ.

ಆರುರೆಕ್ಕೆ, ಮೂರು ವಿಷಯ ಹೇಳಿ. ಸಂದೇಶ ಕಳಿಸಲು ಟಿಸಿಪಿ (ತಲುಪದಿದ್ದರೆ ಮತ್ತೆ ಕಳಿಸುವ ವಿಧಾನ) ಬಳಸಿದ್ದೀರಾ, ಯುಡಿಪಿನಾ (ಒಮ್ಮೆ ಕಳಿಸಿ ಬಿಟ್ಟುಬಿಡುವ ವಿಧಾನ)? ಒಂದು ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಅಂತ ಅಳೆದಿದ್ದೀರಾ? ಆರು ಜನ ಆರು ರಿಮೋಟ್ ಹಿಡಿದು ನಿಂತಿರುತ್ತೀರಾ?

ಆರುರೆಕ್ಕೆ

ಸರ್, ಟಿಸಿಪಿ. ಸಂದೇಶ ಕಳೆದುಹೋಗಬಾರದು ಅಂತ ಹಾಗೆ ಮಾಡಿದೆವು. ರಿಮೋಟ್ ಹೌದು, ಆರೂ ಆನ್ ಇರುತ್ತವೆ. ಎಲ್ಲವೂ 2.4 ಗಿಗಾಹರ್ಟ್ಸ್. ಲಾಗ್ ತೆಗೆದು ನೋಡಿದೆ. ಮೂರು ಡ್ರೋನ್ ಇದ್ದಾಗ ಡ್ರೋನ್‌ನಿಂದ ಲ್ಯಾಪ್‌ಟಾಪ್‌ಗೆ ಹೋಗಿ ವಾಪಸ್ ಬರಲು ಸುಮಾರು 100 ಮಿಲಿಸೆಕೆಂಡ್. ಆರು ಇದ್ದಾಗ 300. ನಡುನಡುವೆ ಇನ್ನೂ ಜಾಸ್ತಿ.

ಹಳೇ ಆಂಟೆನಾ

ಸಿಕ್ಕಿತು. ಒಂದೊಂದಾಗಿ ಹೇಳುತ್ತೇನೆ.

ಟಿಸಿಪಿ ಒಂದು ಸಂದೇಶ ಕಳೆದರೆ ಅದು ಮತ್ತೆ ಸಿಗುವವರೆಗೂ ಅದರ ನಂತರ ಬಂದದ್ದನ್ನೆಲ್ಲ ತಡೆದು ಕೂರಿಸುತ್ತದೆ. ಫೈಲ್ ಕಳಿಸುವಾಗ ಅದು ಸರಿ. ನಿಮಗೆ ಬೇಕಾದದ್ದು ಡ್ರೋನ್ ಈಗ ಎಲ್ಲಿದೆ ಅನ್ನುವುದು. ಅರ್ಧ ಸೆಕೆಂಡ್ ಹಿಂದೆ ಎಲ್ಲಿತ್ತು ಅನ್ನುವುದು ತಂಗಳು ಅನ್ನ. ಅದನ್ನು ಕಾದು ಬಡಿಸಬೇಡಿ, ಚೆಲ್ಲಿಬಿಡಿ. 50 ಮಿಲಿಸೆಕೆಂಡಿಗೆ ಹೊಸದು ಬಂದೇ ಬರುತ್ತದೆ.

ಎರಡನೆಯದು ಗಾಳಿಯಲ್ಲಿನ ಜಾಗ. ವೈಫೈನಲ್ಲಿ ಒಂದು ಸಮಯಕ್ಕೆ ಒಬ್ಬರೇ ಮಾತಾಡಬೇಕು. ಮಾತಾಡುವ ಮುಂಚೆ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ, ಖಾಲಿ ಇದ್ದರೆ ಶುರು ಮಾಡುತ್ತಾರೆ. ದೂರದ ಒಂದು ಡ್ರೋನ್‌ಗೆ ಸಿಗ್ನಲ್ ಕಡಿಮೆ ಆದರೆ ಅದು ನಿಧಾನದ ದರಕ್ಕೆ ಇಳಿಯುತ್ತದೆ. ಅಷ್ಟೇ ಅಕ್ಷರ ಹೇಳಲು ಹತ್ತಾರು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಉಳಿದ ಐದೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕಾಯಬೇಕು. ಒಂದು ಎತ್ತು ಕುಂಟಿದರೆ ಇಡೀ ಗಾಡಿ ನಿಧಾನ, ಹಾಗೆ. ಸಾಲದ್ದಕ್ಕೆ ಆರ್ಡುಪೈಲಟ್ ಸೆನ್ಸರ್, ಬ್ಯಾಟರಿ, ಕೋನ ಅಂತ ನೀವು ಕೇಳದ ನೂರೆಂಟು ಸಂದೇಶಗಳನ್ನೂ ಕಳಿಸುತ್ತಿರುತ್ತದೆ. ಅವನ್ನು ನಿಲ್ಲಿಸಿ ಅಥವಾ ಸೆಕೆಂಡಿಗೆ ಒಂದಕ್ಕೆ ಇಳಿಸಿ.

ಮೂರನೆಯದು ರಿಮೋಟ್. ಅವು 2.4 ಗಿಗಾಹರ್ಟ್ಸ್ ರೇಡಿಯೋ ಪಟ್ಟಿಯ (ಬ್ಯಾಂಡ್) ಉದ್ದಕ್ಕೂ ಜಿಗಿಯುತ್ತಾ ಇರುತ್ತವೆ. ಆರು ರಿಮೋಟ್ ನಿಮ್ಮ ವೈಫೈ ಚಾನಲ್ ಮೇಲೆ ಮತ್ತೆ ಮತ್ತೆ ಬಂದು ಬೀಳುತ್ತವೆ. ಹಾಗಂತ ರಿಮೋಟ್ ಮಾತ್ರ ಬಿಡಬೇಡಿ, ಅದು ಜೀವ ಉಳಿಸುವ ಹಗ್ಗ. ಹಿಂಡಿನ ಮಾತನ್ನು ಬೇರೆ ಕಡೆಗೆ ಒಯ್ಯಬಹುದು. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಪಟ್ಟಿ. ಆನ್‌ಲೈನ್‌ನಲ್ಲಿ ಸಿಗುವ 915ರ ಟೆಲಿಮೆಟ್ರಿ (ಡ್ರೋನ್‌ನ ಮಾಹಿತಿ ನೆಲಕ್ಕೆ ಕಳಿಸುವ) ರೇಡಿಯೋ ಜೋಡಿ ಮಾತ್ರ ತರಿಸಬೇಡಿ, ಅದು ಇಲ್ಲಿ ಮುಕ್ತ ಪಟ್ಟಿ ಅಲ್ಲ.

ಲ್ಯಾಪ್ಲಾಸಿಯನ್

ನಾನು ಕಂಟ್ರೋಲ್ ಪಾಠ ಮಾಡುವವಳು. ರೇಡಿಯೋ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಅದನ್ನೆಲ್ಲ ಸರಿ ಮಾಡಿದರೂ ಹತ್ತು ಡ್ರೋನ್‌ಗೆ ಮತ್ತೆ ಇದೇ ಕಷ್ಟ ಬರುತ್ತದೆ. ಅದಕ್ಕೆ ಕಾರಣ ನಿಮ್ಮ ನಿಯಮದಲ್ಲೇ ಇದೆ.

ಆರುರೆಕ್ಕೆ, ವಿಡಿಯೋ ಇದ್ದರೆ ನೋಡಿ ಹೇಳಪ್ಪಾ. ಒಂದು ಸಲ ಆ ಕಡೆ ಹೋಗಿ ವಾಪಸ್ ಬರಲು ಎಷ್ಟು ಸೆಕೆಂಡ್?

ಆರುರೆಕ್ಕೆ

ಮೇಡಂ, ನಾಲ್ಕೈದು ಸಲ ನೋಡಿದೆ. ಎರಡು ಸೆಕೆಂಡಿಗೆ ಸ್ವಲ್ಪ ಕಡಿಮೆ. 1.8 ಅಂತ ಇಟ್ಟುಕೊಳ್ಳಿ.

ಲ್ಯಾಪ್ಲಾಸಿಯನ್

ಅದನ್ನು ನಾಲ್ಕರಿಂದ ಭಾಗಿಸು. 0.45 ಸೆಕೆಂಡ್. ಇಂಥ ನಿಯಮಕ್ಕೆ ವೇಗದ ಮಿತಿ ಹಾಕಿದಾಗ, ಓಲಾಟದ ಅವಧಿ ಒಟ್ಟು ವಿಳಂಬದ ನಾಲ್ಕು ಪಟ್ಟು ಇರುತ್ತದೆ. ನಿನ್ನ ರೇಡಿಯೋದ್ದು 0.3. ಉಳಿದ 0.15 ಡ್ರೋನ್ ವಾಲಿ ವೇಗ ಹಿಡಿಯಲು ಬೇಕಾದ ಹೊತ್ತು. ಲೆಕ್ಕ ಕೂಡಿತು ಅಲ್ವಾ?

ಈಗ ಮಿತಿ ಎಷ್ಟು ನೋಡೋಣ. 2004ರಲ್ಲಿ ಓಲ್ಫಾಟಿ-ಸಬೆರ್ ಮತ್ತು ಮರ್ರೆ ಎಂಬ ಸಂಶೋಧಕರು ಇದಕ್ಕೆ ಸೂತ್ರ ಕೊಟ್ಟರು. ಯಾರು ಯಾರ ಮಾತು ಕೇಳುತ್ತಾರೆ ಅನ್ನುವುದನ್ನು ಒಂದು ಜಾಲ ಅಂತ ಬರೆದುಕೋ. ಆ ಜಾಲವನ್ನು ಅಂಕಿಗಳ ಕೋಷ್ಟಕವಾಗಿ ಬರೆದರೆ ಅದೇ ಲ್ಯಾಪ್ಲಾಸಿಯನ್ ಮ್ಯಾಟ್ರಿಕ್ಸ್, ಅದರಿಂದ ಲೆಕ್ಕ ಹಾಕಿ ತೆಗೆಯುವ ವಿಶಿಷ್ಟ ಸಂಖ್ಯೆಗಳೇ ಐಗನ್ ಮೌಲ್ಯಗಳು. ಅವುಗಳಲ್ಲಿ ಅತಿ ದೊಡ್ಡದನ್ನು ತೆಗೆ. ಪೈ ಅನ್ನು ಅದರ ಎರಡರಷ್ಟರಿಂದ ಭಾಗಿಸು. ಗೇನ್ 1 ಇದ್ದಾಗ ತಡೆದುಕೊಳ್ಳಬಹುದಾದ ವಿಳಂಬ ಅಷ್ಟೇ. ಎಲ್ಲರೂ ಎಲ್ಲರ ಮಾತು ಕೇಳಿದರೆ ಆ ಮೌಲ್ಯ ಡ್ರೋನ್‌ಗಳ ಸಂಖ್ಯೆಗೆ ಸಮ. ಮೂರಕ್ಕೆ ಮಿತಿ 0.52 ಸೆಕೆಂಡ್. ಆರಕ್ಕೆ 0.26. ಅಂದರೆ ಡ್ರೋನ್ ಎರಡರಷ್ಟಾದಾಗ ತಡೆಯುವ ಶಕ್ತಿ ಅರ್ಧಕ್ಕೆ ಇಳಿಯಿತು. ಅದೇ ಹೊತ್ತಿಗೆ ನಿನ್ನ ರೇಡಿಯೋ ವಿಳಂಬ ಮೂರು ಪಟ್ಟು ಏರಿತು. ತಪ್ಪು ನೆಟ್‌ವರ್ಕ್‌ನದೋ ಕಂಟ್ರೋಲ್‌ನದೋ ಅಂತ ಕೇಳಿದ್ದೆ. ಎರಡನ್ನೂ ಬೇರೆ ಬೇರೆ ಅಂತ ಇಟ್ಟುಕೊಂಡದ್ದೇ ತಪ್ಪು. ಸಿಮ್ಯುಲೇಶನ್‌ನಲ್ಲಿ ವಿಳಂಬ ಹಾಕಿರಲಿಲ್ಲ, ಅದಕ್ಕೇ ಅಲ್ಲಿ ಕಾಣಲಿಲ್ಲ.

ಎರಡು ಬದಲಾವಣೆ ಮಾಡು.

ಮೊದಲನೆಯದು, ಎಲ್ಲರ ಮಾತು ಕೇಳಬೇಡ. ಉಂಗುರದಂತೆ ಜೋಡಿಸಿ, ಪ್ರತಿಯೊಂದೂ ಎಡ ಬಲದ ಇಬ್ಬರನ್ನು ಮಾತ್ರ ನೋಡಲಿ. ಆಗ ಆ ಮೌಲ್ಯ 4, ಮಿತಿ 0.39 ಸೆಕೆಂಡಿಗೆ ಏರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಈಗ ಡ್ರೋನ್ ತನ್ನ ಜಾಗವನ್ನು ನೆಲಕ್ಕೆ ಕಳಿಸಿ, ಅಲ್ಲಿಂದ ವಾಪಸ್ ಪಡೆದು ತಿದ್ದಿಕೊಳ್ಳುತ್ತಿದೆ. ಅಂದರೆ ಅದಕ್ಕೆ ತನ್ನ ಜಾಗವೂ ಹಳೆಯದೇ ಸಿಗುತ್ತಿದೆ. ಮೇಲಿನ ಸೂತ್ರ ಅಂಥ ಜಾಲಕ್ಕೇ ಹೇಳಿದ್ದು. ಲೆಕ್ಕವನ್ನು ಇಎಸ್‌ಪಿ32 ಒಳಗೇ ಹಾಕು. ತನ್ನ ಜಾಗ ಪಿಕ್ಸ್‌ಹಾಕ್‌ನಿಂದ ತಾಜಾ ಬರಲಿ, ಪಕ್ಕದವರದ್ದು ಮಾತ್ರ ರೇಡಿಯೋದಲ್ಲಿ ತಡವಾಗಿ ಬರಲಿ. ಆಗ ಈ ಸರಳ ಮಾದರಿಯಲ್ಲಿ ವಿಳಂಬ ಎಷ್ಟಿದ್ದರೂ ಹಿಂಡು ಒಡೆಯುವುದಿಲ್ಲ, ಒಂದುಗೂಡಲು ನಿಧಾನ ಆಗುತ್ತದೆ ಅಷ್ಟೇ. ನಿಜವಾದ ಡ್ರೋನ್ ವಾಲಲು ಹೊತ್ತು ಬೇಕು, ಹಾಗಾಗಿ ಗೇನ್ ಅನ್ನು ಮನಬಂದಂತೆ ಏರಿಸುವಂತಿಲ್ಲ. ಆದರೂ ವ್ಯತ್ಯಾಸ ಅಲ್ಲೇ ಕಾಣುತ್ತದೆ.

ಬಯಲುಸೀಮೆ

ಮೇಡಂ, ಇಬ್ಬರನ್ನೇ ನೋಡಿದರೆ ಇಡೀ ಗುಂಪು ಹೇಗೆ ಒಟ್ಟಿಗೆ ಇರುತ್ತದೆ? ಗಾಳಿಪಟದ ಬಾಲದಂತೆ ಆಗುವುದಿಲ್ವಾ?

ಲ್ಯಾಪ್ಲಾಸಿಯನ್

ಸರಿಯಾಗಿ ಹಿಡಿದಿರಿ. ಅದೇ ಇದರ ಬೆಲೆ. ಒಮ್ಮತಕ್ಕೆ ಬರುವ ವೇಗವನ್ನು ಎರಡನೇ ಚಿಕ್ಕ ಐಗನ್ ಮೌಲ್ಯ ಹೇಳುತ್ತದೆ. ಆರು ಜನ ಎಲ್ಲರನ್ನೂ ನೋಡಿದರೆ ಅದು 6. ಉಂಗುರದಲ್ಲಿ 1. ಆರಕ್ಕೆ ಇದು ನಡೆಯುತ್ತದೆ. 20 ಡ್ರೋನ್‌ನ ಉಂಗುರಕ್ಕೆ 0.1ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಇಡೀ ಗುಂಪು ಒಮ್ಮತಕ್ಕೆ ಬರಲು ಹತ್ತಾರು ಸೆಕೆಂಡ್ ಬೇಕಾಗುತ್ತದೆ.

ಹಕ್ಕಿಗಳು ನಡುವಿನ ದಾರಿ ಹಿಡಿದಿವೆ. ಚಳಿಗಾಲದಲ್ಲಿ ನಮ್ಮ ಜೋಳದ ಹೊಲಕ್ಕೆ ಗುಲಾಬಿ ಕಬ್ಬಕ್ಕಿ ಮೋಡದಂತೆ ಇಳಿಯುವುದನ್ನು ನೀವು ನೋಡಿರುತ್ತೀರಿ. ಅದೇ ಬಳಗದ ಹಕ್ಕಿಯ ಹಿಂಡನ್ನು ಇಟಲಿಯ ವಿಜ್ಞಾನಿಗಳು ರೋಮ್ ನಗರದ ಮೇಲೆ ಕ್ಯಾಮೆರಾ ಇಟ್ಟು ಅಳೆದರು. 2008ರಲ್ಲಿ ಬಂದ ಫಲಿತಾಂಶ ಏನೆಂದರೆ, ಪ್ರತಿ ಹಕ್ಕಿ ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಗಮನಿಸುತ್ತದೆ, ಅವು ಎಷ್ಟೇ ದೂರ ಇರಲಿ. ಆ ತಂಡದಲ್ಲಿದ್ದ ಜಾರ್ಜಿಯೊ ಪರೀಸಿ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ದೂರವನ್ನು ಲೆಕ್ಕಿಸದೆ ಎಣಿಕೆಯನ್ನು ಲೆಕ್ಕಿಸುವುದು, ಇದು ನನಗೆ ಬಹಳ ಇಷ್ಟವಾದ ವಿಷಯ. ಹಿಂಡು ಹರಡಿಕೊಂಡರೂ ಜಾಲ ತುಂಡಾಗುವುದಿಲ್ಲ.

ದೂರದ ಊರು

ನಾನು ಯುರೋಪಿನಲ್ಲಿ ರೋಬೋಟ್ ಕೆಲಸದಲ್ಲಿದ್ದೇನೆ. ಆರುರೆಕ್ಕೆ ತಂಡಕ್ಕೆ ಓದಲು ಎರಡು ಕೆಲಸ ಹೇಳುತ್ತೇನೆ.

ಹಂಗೇರಿಯ ಬುಡಾಪೆಸ್ಟ್‌ನಲ್ಲಿ ತಮಾಶ್ ವಿಚೆಕ್ ಅವರ ಗುಂಪು 2018ರಲ್ಲಿ 30 ಡ್ರೋನ್‌ಗಳನ್ನು ಬಯಲಿನಲ್ಲಿ ಹಿಂಡಾಗಿ ಹಾರಿಸಿತು. ಮಧ್ಯದಲ್ಲಿ ಕುಳಿತು ಅಪ್ಪಣೆ ಕೊಡುವ ಕಂಪ್ಯೂಟರ್ ಇಲ್ಲ. ನಿಯಮಗಳ ಸಂಖ್ಯೆಗಳನ್ನು ವಿಳಂಬ, ಜಿಪಿಎಸ್ ತಪ್ಪು, ಗಾಳಿ ಎಲ್ಲ ಸೇರಿಸಿದ ಸಿಮ್ಯುಲೇಶನ್‌ನಲ್ಲಿ ಹುಡುಕಿ ಆರಿಸಿದರು. ಮೇಡಂ ಹೇಳಿದ ಪಾಠ ಅಲ್ಲಿ ಅಚ್ಚುಕಟ್ಟಾಗಿ ಇದೆ.

ಎರಡನೆಯದು ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ್ದು, 2022. ಅಂಗೈ ಅಗಲದ ಹತ್ತು ಡ್ರೋನ್‌ಗಳು ದಟ್ಟ ಬಿದಿರಿನ ಕಾಡಿನೊಳಗೆ ಜಿಪಿಎಸ್ ಇಲ್ಲದೆ ನುಗ್ಗಿದವು. ನನಗೆ ಹಿಡಿಸಿದ್ದು ಅವು ಏನು ಮಾತಾಡುತ್ತವೆ ಅನ್ನುವುದು. ಬರೀ ತಾನಿರುವ ಜಾಗ ಹೇಳುವುದಿಲ್ಲ. ಮುಂದಿನ ಸ್ವಲ್ಪ ಹೊತ್ತು ತಾನು ಹೋಗಲಿರುವ ದಾರಿಯನ್ನೇ ಹೇಳುತ್ತವೆ. ಒಂದು ಸಂದೇಶ ಕಳೆದರೂ ಪಕ್ಕದವನಿಗೆ ಹಳೆಯ ದಾರಿ ಗೊತ್ತಿರುತ್ತದೆ. ನೀವು ಕನಿಷ್ಠ ಜಾಗದ ಜೊತೆ ವೇಗ ಮತ್ತು ಜಿಪಿಎಸ್ ಸಮಯ ಕಳಿಸಿ. ಸೆಕೆಂಡಿಗೆ 5 ಮೀಟರ್ ಹೋಗುವಾಗ 0.3 ಸೆಕೆಂಡ್ ಹಳೆಯ ಮಾತು ಅಂದರೆ ಒಂದೂವರೆ ಮೀಟರ್ ಸುಳ್ಳು. ವೇಗ ಗೊತ್ತಿದ್ದರೆ ಈಗ ಎಲ್ಲಿರಬಹುದು ಅಂತ ಪಕ್ಕದವನೇ ಊಹಿಸಿಕೊಳ್ಳುತ್ತಾನೆ.

ಅಡಿಕೆ ತೋಟ

ನಾನು ಶೃಂಗೇರಿ ಕಡೆಯ ಬೆಳೆಗಾರ. ನಿಮ್ಮ ಲೆಕ್ಕ ಪೂರ್ತಿ ತಲೆಗೆ ಹೋಗಲಿಲ್ಲ, ಆದರೂ ಓದುತ್ತಿದ್ದೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು ಸಿಗುತ್ತಿಲ್ಲ. ಮಳೆ ಬಿಡುವು ಕೊಡುವುದೇ ಎರಡು ಮೂರು ದಿನ. ಅಷ್ಟರಲ್ಲಿ ತೋಟ ಮುಗಿಸಬೇಕು. ನಾಲ್ಕು ಡ್ರೋನ್ ತೋಟವನ್ನು ಹಂಚಿಕೊಂಡು ಒಟ್ಟಿಗೆ ಹೊಡೆಯುವ ಹಾಗೆ ಮಾಡಬಹುದಾ?

ಹಳೇ ಆಂಟೆನಾ

ಅಣ್ಣ, ನಿಮ್ಮ ಕೆಲಸಕ್ಕೆ ಇಷ್ಟು ಬಿಗಿಯಾದ ಹಿಂಡು ಬೇಡ. ನಾಲ್ಕು ಡ್ರೋನ್‌ಗೆ ನಾಲ್ಕು ಪಾಲು ಮಾಡಿ, ಒಂದರ ಪಾಲಿಗೆ ಇನ್ನೊಂದು ಕಾಲಿಡದಂತೆ ಬೇಲಿ ಹಾಕಿದರೆ ಸಾಕು. ಒಂದರ ಟ್ಯಾಂಕ್ ಖಾಲಿಯಾದರೆ ಉಳಿದ ಮರಗಳನ್ನು ಪಕ್ಕದ್ದು ವಹಿಸಿಕೊಳ್ಳಬೇಕು. ಅದಕ್ಕೆ ಕೆಲವು ಸೆಕೆಂಡಿಗೆ ಒಂದು ಸಣ್ಣ ಸಂದೇಶ ಸಾಕು.

ಕಷ್ಟ ಇರುವುದು ಗುಡ್ಡದಲ್ಲಿ. ಒದ್ದೆ ಎಲೆ 2.4 ಗಿಗಾಹರ್ಟ್ಸ್ ಸಿಗ್ನಲ್ ಅನ್ನು ಚೆನ್ನಾಗಿ ನುಂಗುತ್ತದೆ. ಕಣಿವೆಯಲ್ಲಿ ಗುಡ್ಡವೇ ಅಡ್ಡ. 865ರ ಪಟ್ಟಿಯ ಲೋರಾ ರೇಡಿಯೋ ಇಲ್ಲಿ ವಾಸಿ. ನಿಧಾನ, ಆದರೆ ದೂರ ಮುಟ್ಟುತ್ತದೆ. ಒಂದು ಡ್ರೋನ್ ಅನ್ನು ಸುಮ್ನೆ ಎತ್ತರದಲ್ಲಿ ನಿಲ್ಲಿಸಿ ಉಳಿದವುಗಳ ಮಾತು ದಾಟಿಸುವ ಕೆಲಸಕ್ಕೆ ಬಳಸುವುದೂ ಉಂಟು. ಆದರೆ ಪ್ರತಿ ದಾಟಿಗೂ ಗಾಳಿಯಲ್ಲಿನ ಜಾಗ ಎರಡು ಸಲ ಖರ್ಚು. ಹಿಂಡು ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲು ಕುಗ್ಗುತ್ತದೆ ಅಂತ ಪಿಯೂಷ್ ಗುಪ್ತಾ ಮತ್ತು ಪಿ. ಆರ್. ಕುಮಾರ್ 2000ದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ದೂರದವರ ಜೊತೆ ಕಡಿಮೆ ಮಾತಾಡಿ, ಹತ್ತಿರದವರ ಜೊತೆ ಜಾಸ್ತಿ ಮಾತಾಡಿ ಅನ್ನುವುದು ಅದರಿಂದ ನಾನು ಕಲಿತದ್ದು.

ಸುರಕ್ಷೆ ಮೊದಲು

ಯಾರೂ ಹೇಳದ ಒಂದು ಮಾತು. ಆರ್ಡುಪೈಲಟ್‌ನಲ್ಲಿ ಸಂಪರ್ಕ ತಪ್ಪಿದಾಗ ಹೊರಟ ಜಾಗಕ್ಕೆ ಮರಳು ಅಂತ ಇಟ್ಟಿದ್ದೀರಾ? ಅದರ ಎತ್ತರ ಬದಲಿಸದಿದ್ದರೆ 15 ಮೀಟರ್. ರೂಟರ್ ಕೆಲವು ಸೆಕೆಂಡ್ ಕೈಕೊಟ್ಟರೆ ಆರೂ ಡ್ರೋನ್ ಒಂದೇ ಸಲ 15 ಮೀಟರ್‌ಗೆ ಏರಿ ಒಂದರ ದಾರಿಗೆ ಇನ್ನೊಂದು ಅಡ್ಡ ಬಂದು ಮನೆಗೆ ಹೊರಡುತ್ತವೆ. ಒಂದೊಂದಕ್ಕೂ ಬೇರೆ ಎತ್ತರ ಕೊಡಿ. 15, 18, 21, ಹೀಗೆ. ಪಕ್ಕದವನ ಸುದ್ದಿ ಅರ್ಧ ಸೆಕೆಂಡ್ ಬರದಿದ್ದರೆ ಇದ್ದಲ್ಲೇ ನಿಲ್ಲು, ಮೂರು ಸೆಕೆಂಡ್ ಬರದಿದ್ದರೆ ನಿನ್ನ ಎತ್ತರಕ್ಕೆ ಹೋಗು ಅಂತ ನಿಯಮ ಬರೆಯಿರಿ. ಆರ್‌ಟಿಕೆ ಇಲ್ಲ ಅಂದಮೇಲೆ ಅಂತರ 8 ಮೀಟರ್‌ಗಿಂತ ಕಡಿಮೆ ಇಡಬೇಡಿ.

ಗಾಳಿಯನ್ನೂ ಅಳೆಯಿರಿ. 2023ರ ಜುಲೈಯಲ್ಲಿ ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಪ್ರದರ್ಶನದ 500 ಡ್ರೋನ್‌ಗಳಲ್ಲಿ 427 ನೀರಿಗೆ ಬಿದ್ದವು. ಮೇಲೆ ಬೀಸುತ್ತಿದ್ದ ಗಾಳಿ ಅವುಗಳ ಮಿತಿ ಮೀರಿತ್ತು ಅಂತ ಆಸ್ಟ್ರೇಲಿಯಾದ ತನಿಖೆ ಹೇಳಿತು. ಕೆಳಗೆ ಜನ ಇರಲಿಲ್ಲ ಅನ್ನುವುದೇ ಪುಣ್ಯ. ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರು ವಲಯದಲ್ಲಿದೆಯಾ ನೋಡಿ, ಅಲ್ಲೂ 400 ಅಡಿ ದಾಟಬೇಡಿ.

ಆರುರೆಕ್ಕೆ

ಹದಿನೈದು ದಿನ ಆದಮೇಲೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸಿ, ನಡುವೆ ಇಂಟರ್ನಲ್ಸ್ ಇತ್ತು.

ರೂಟರ್ ತೆಗೆದೆವು. ಈಗ ಇಎಸ್‌ಪಿ-ನೌ (ರೂಟರ್ ಇಲ್ಲದೆ ಇಎಸ್‌ಪಿ32 ಬೋರ್ಡ್‌ಗಳು ಮಾತಾಡುವ ವಿಧಾನ) ಮೂಲಕ ಡ್ರೋನ್‌ಗಳು ಒಂದಕ್ಕೊಂದು ನೇರ ಬಿತ್ತರಿಸುತ್ತವೆ. ನಾವು ಬಳಸಿದ ಆವೃತ್ತಿಯಲ್ಲಿ ಒಂದು ಸಂದೇಶಕ್ಕೆ 250 ಬೈಟ್ ಜಾಗ ಇದೆ, ನಮಗೆ 40 ಸಾಕಾಯಿತು. ಗುರುತಿನ ಸಂಖ್ಯೆ, ಸಮಯ, ಜಾಗ, ವೇಗ. ಜಿಪಿಎಸ್ ಮಾಡ್ಯೂಲ್‌ನಲ್ಲಿ ಸೆಕೆಂಡಿಗೊಮ್ಮೆ ಮಿನುಗುವ ದೀಪ ಇದೆಯಲ್ವಾ, ಆ ಸಂಕೇತದಿಂದಲೇ ಗಡಿಯಾರ ಹೊಂದಿಸಿಕೊಂಡೆವು. 50 ಮಿಲಿಸೆಕೆಂಡನ್ನು ಆರು ಪಾಲು ಮಾಡಿ ಪ್ರತಿ ಡ್ರೋನ್‌ಗೆ 8 ಮಿಲಿಸೆಕೆಂಡ್ ಸರದಿ ಕೊಟ್ಟೆವು. ಒಂದು ಸಂದೇಶಕ್ಕೆ ಬೇಕಾದದ್ದು ಒಂದು ಮಿಲಿಸೆಕೆಂಡ್ ಸುತ್ತಮುತ್ತ. ಹಾಗಾಗಿ ಡಿಕ್ಕಿ ಆಗುವುದೇ ಕಡಿಮೆ. ಲೆಕ್ಕವೆಲ್ಲ ಡ್ರೋನ್ ಒಳಗೆ, ಉಂಗುರದ ಜೋಡಣೆ. ಲ್ಯಾಪ್‌ಟಾಪ್ ಈಗ ಬರೀ ನೋಡುತ್ತಾ ಕೂರುತ್ತದೆ.

ಶನಿವಾರ ಬೆಳಿಗ್ಗೆ ಆರೂ ಹಾರಿದವು. ನಿಂತವು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಒಂದು ತೊಂದರೆ ಉಳಿದಿದೆ. 4ನೇ ಡ್ರೋನ್ ಅನ್ನು 2ನೆಯದರ ನೇರ ಮೇಲೆ ತಂದಾಗ ಇಬ್ಬರ ನಡುವಿನ ಸುದ್ದಿ ಪೂರ್ತಿ ನಿಂತುಹೋಗುತ್ತದೆ. ಇರುವುದು ಹತ್ತೇ ಮೀಟರ್ ಅಂತರ. ದೂರ ಇದ್ದಾಗ ಚೆನ್ನಾಗಿ ಕೇಳುತ್ತದೆ.

ಹಳೇ ಆಂಟೆನಾ

ತುಂಬಾ ಖುಷಿಯಾಯಿತು ಕಣಪ್ಪಾ.

ಉಳಿದದ್ದು ಆಂಟೆನಾದ ಆಕಾರ. ನೆಟ್ಟಗೆ ನಿಂತ ಕಡ್ಡಿ ಆಂಟೆನಾದ ಸಿಗ್ನಲ್ ಉದ್ದಿನ ವಡೆಯ ಆಕಾರದಲ್ಲಿ ಸುತ್ತಲೂ ಹರಡುತ್ತದೆ. ಕಡ್ಡಿಯ ನೇರ ಮೇಲೆ ಮತ್ತು ಕೆಳಗೆ ವಡೆಯ ತೂತು. ನಿಮ್ಮ 4ನೇ ಡ್ರೋನ್ ಆ ತೂತಿನಲ್ಲಿ ನಿಂತಿದೆ. ಅದರ ಜೊತೆ ನಡುವೆ ಬ್ಯಾಟರಿ ಬೇರೆ ಅಡ್ಡ. ಆಂಟೆನಾವನ್ನು 45 ಡಿಗ್ರಿ ಓರೆ ಮಾಡಿ, ಫ್ರೇಮಿನ ತುದಿಗೆ, ಕಾರ್ಬನ್ ಫೈಬರ್ ತಟ್ಟೆಯಿಂದ ದೂರ ಕಟ್ಟಿ. ಅದಕ್ಕಿಂತ ಒಳ್ಳೆಯದು ಒಂದರ ನೇರ ಮೇಲೆ ಇನ್ನೊಂದನ್ನು ತರದಿರುವುದು. ಮೇಲಿನದರ ರೆಕ್ಕೆ ಗಾಳಿ ಕೆಳಗಿನದನ್ನು ನೂಕುತ್ತದೆ.

ಆರುರೆಕ್ಕೆ

ಅರ್ಥ ಆಯಿತು ಸರ್. ಜೋಡಣೆಯನ್ನೇ ಬದಲಿಸುತ್ತೇವೆ.

ಮೇಡಂ, ಏಳನೇ ಡ್ರೋನ್ ಸಿದ್ಧ ಮಾಡುತ್ತಿದ್ದೇವೆ. ಉಂಗುರಕ್ಕೆ ಸೇರಿಸಿದರೆ ಮಿತಿ ಮತ್ತೆ ಇಳಿಯುತ್ತದಾ?

ಲ್ಯಾಪ್ಲಾಸಿಯನ್

ಇಳಿಯುವುದಿಲ್ಲ. ಏಳಕ್ಕೆ ದೊಡ್ಡ ಮೌಲ್ಯ 3.8. ಉಂಗುರ ಎಷ್ಟೇ ಬೆಳೆದರೂ ಅದು 4 ದಾಟುವುದಿಲ್ಲ, ಅಲ್ಲಿ ಭಯ ಇಲ್ಲ. ಆದರೆ ಎರಡನೇ ಚಿಕ್ಕ ಮೌಲ್ಯ 1ರಿಂದ 0.75ಕ್ಕೆ ಬರುತ್ತದೆ, ಗುಂಪು ಸ್ವಲ್ಪ ಸೋಮಾರಿ ಆಗುತ್ತದೆ. ಪ್ರತಿಯೊಬ್ಬರಿಗೂ ಎದುರು ಬದಿಯ ಒಬ್ಬರನ್ನು ಸೇರಿಸಿ ನೋಡು. ಎರಡೂ ಮೌಲ್ಯ ನೀನೇ ತೆಗೆ, ಏಳು ಬೆಸ ಸಂಖ್ಯೆ ಆದ್ದರಿಂದ ಎಲ್ಲರಿಗೂ ಸರಿಸಮ ಜೋಡಿ ಸಿಗುವುದಿಲ್ಲ, ಅದನ್ನು ಹೇಗೆ ಬಿಡಿಸಿದೆ ಅಂತ ಇಲ್ಲೇ ಬರೆ. ಸಿಮ್ಯುಲೇಶನ್‌ನಲ್ಲಿ ಈ ಸಲ ವಿಳಂಬ ಹಾಕು.